ಪಿಂಗಾಣಿಗೆ ಹತ್ತಿದ ಹರಳೆಣ್ಣೆ

ಮದುವೆಮನೆಯಲ್ಲಿ ಪಕ್ಕದಲ್ಲಿ ಕೂತವರು ಏನು ಕೆಲಸ ಎಂದು ಕೇಳಿದರೆ ನಾನು "ಕೊಳೆ ಬಳಿಯೋದು" ಅನ್ನುತ್ತಿದ್ದೆ. ಅವರು ತಮಾಷೆ ಅಂದುಕೊಂಡು ನಗುತ್ತಿದ್ದರು. ನಮ್ಮ ಅತ್ತೆ ಮಾತ್ರ ಮೊಣಕೈಯಿಂದ ತಿವಿದು, "ಎಂಜಿನಿಯರ್ ಅಂತ ಹೇಳವಾ, ಹಂಗ್ಯಾಕಂತಿ" ಎಂದು ಗದರುತ್ತಿದ್ದರು. ಗದಗಿನಿಂದ ಬಂದು ಇಂದಿರಾನಗರದಲ್ಲಿ ಮನೆ ಮಾಡಿದ ಸೊಸೆ ಕೊಳೆ ಬಳಿಯುತ್ತಾಳೆ ಎಂದರೆ ಅವರ ಮರ್ಯಾದೆ ಏನಾಗಬೇಕು? ಆದರೆ ನಾನು ಹೇಳುತ್ತಿದ್ದುದರಲ್ಲಿ ಸುಳ್ಳೇನೂ ಇರಲಿಲ್ಲ.

ಹೈಟೆನ್ಶನ್ ಲೈನಿನ ಟವರುಗಳಲ್ಲಿ, ತಂತಿಗೂ ಕಬ್ಬಿಣದ ತೋಳಿಗೂ ನಡುವೆ, ಬೋರಲು ಹಾಕಿದ ತಟ್ಟೆಗಳ ಹಾಗೆ ಪಿಂಗಾಣಿ ಡಿಸ್ಕುಗಳು ಸರದಂತೆ ಜೋತಾಡುವುದನ್ನು ಎಲ್ಲರೂ ನೋಡಿರುತ್ತಾರೆ. ತಂತಿಯ ಕರೆಂಟು ಟವರಿಗೆ ಇಳಿಯದ ಹಾಗೆ ತಡೆಯುವುದು ಅವುಗಳ ಕೆಲಸ. ಹೊಸದರಲ್ಲಿ ಅವು ಎಂಥ ವೋಲ್ಟೇಜನ್ನೂ ಜಗ್ಗದೆ ತಡೆಯುತ್ತವೆ. ಬರುಬರುತ್ತಾ ಧೂಳು, ಹೊಗೆ, ಸಿಮೆಂಟಿನ ಪುಡಿ ಕೂರುತ್ತದೆ. ಒಣ ಧೂಳಿನಿಂದ ತೊಂದರೆಯಿಲ್ಲ. ಜೋರು ಮಳೆ ಬಂದರೆ ಒಳ್ಳೆಯದೇ, ತೊಳೆದುಕೊಂಡು ಹೋಗುತ್ತದೆ. ಕೆಡುವುದು ಜನವರಿಯ ಬೆಳಗಿನ ಮಂಜಿನಲ್ಲಿ. ಧೂಳು ತೊಳೆದುಹೋಗುವಷ್ಟು ನೀರಿಲ್ಲ, ಒದ್ದೆಯಾಗುವಷ್ಟಿದೆ. ಆ ತೆಳು ಕೆಸರಿನ ಮೇಲೆ ಕರೆಂಟು ತೆವಳಲು ಶುರು ಮಾಡುತ್ತದೆ, ಅಲ್ಲಲ್ಲಿ ಕಿಡಿ ಹೊತ್ತುತ್ತದೆ, ಕಿಡಿಗೆ ಕಿಡಿ ಸೇರಿ ಒಮ್ಮೆಲೇ ಬೆಂಕಿ ಈ ತುದಿಯಿಂದ ಆ ತುದಿಗೆ ಜಿಗಿದುಬಿಡುತ್ತದೆ. ಲೈನು ಹೋಗುತ್ತದೆ. ಊರಿನವರು ಕರೆಂಟಿನವರನ್ನು ಬೈದುಕೊಂಡು ತಣ್ಣೀರು ಸುರಿದುಕೊಳ್ಳುತ್ತಾರೆ. ಕೆಲವು ಸಲ ಆ ಶಾಖಕ್ಕೆ ಡಿಸ್ಕು ಸೀಳಿ ತಂತಿಯೇ ಕಳಚಿ ಕೆಳಗೆ ಬೀಳುತ್ತದೆ.

ಅದಕ್ಕೇ ಹೊಸ ಮಾದರಿಯ ಡಿಸ್ಕನ್ನು ಟವರಿಗೆ ಏರಿಸುವ ಮುಂಚೆ ನಮ್ಮ ಲ್ಯಾಬಿಗೆ ತರುತ್ತಿದ್ದರು. ಹಳೇ ಮದ್ರಾಸು ರಸ್ತೆಯಲ್ಲಿ, ಕೆ.ಆರ್. ಪುರಂ ದಾಟಿದ ಮೇಲೆ ನಮ್ಮದೊಂದು ಚಿಕ್ಕ ಲ್ಯಾಬಿತ್ತು. ಅಲ್ಲಿ ಡಿಸ್ಕನ್ನು ತೊಳೆದು, ಬಿಳಿ ಜೇಡಿಮಣ್ಣಿಗೆ ಉಪ್ಪುನೀರು ಕಲಸಿ ಬಳಿದು, ಒಣಗಿಸಿ, ಮಂಜಿನ ಕೋಣೆಯಲ್ಲಿ ತೂಗುಹಾಕಿ, ಲೈನಿನಷ್ಟೇ ವೋಲ್ಟೇಜು ಕೊಟ್ಟು, ಹಬೆ ಬಿಡುತ್ತಿದ್ದೆವು. ಬೆಂಕಿ ಜಿಗಿಯದಿದ್ದರೆ ಪಾಸು. ಟವರಿನ ಮೇಲೆ ವರ್ಷಗಟ್ಟಲೆ ಕೂರುವ ಕೊಳೆಯನ್ನು ನಾವು ಒಂದು ಬೆಳಿಗ್ಗೆ ಕೂರಿಸುತ್ತಿದ್ದೆವು. ಕೊಳೆ ಎಲ್ಲ ಕಡೆ ಒಂದೇ ಸಮ ಇರಬೇಕು. ಒಂದೇ ಸಮ ಕೊಳೆಯಾಗಬೇಕಾದರೆ ಅದಕ್ಕೆ ಮುಂಚೆ ಡಿಸ್ಕು ಚೂರೂ ಕಲೆಯಿಲ್ಲದೆ ಶುದ್ಧವಾಗಿರಬೇಕು. ನನ್ನಂಥ ಎಂಜಿನಿಯರುಗಳು ಇದನ್ನು ಹೇಳುತ್ತಿದ್ದೆವು, ಮಾಡುತ್ತಿದ್ದುದು ಪೀರಮ್ಮ.

ಪೀರಮ್ಮ ಮರ್ಫಿ ಟೌನಿನಾಕೆ. ನಾನು ಕೆಲಸಕ್ಕೆ ಸೇರುವ ಮುಂಚಿನಿಂದಲೂ ಲ್ಯಾಬಿನಲ್ಲಿದ್ದಳು. ಡಿಸ್ಕುಗಳನ್ನು ವಾಷಿಂಗ್ ಸೋಡಾ ಹಾಕಿ ಉಜ್ಜಿ, ಶುದ್ಧ ನೀರಿನಲ್ಲಿ ಜಾಲಿಸಿ, ಆರಿದ ಮೇಲೆ ಒಂದೊಂದನ್ನೂ ತೊಡೆಯ ಮೇಲಿಟ್ಟುಕೊಂಡು ಅಂಗೈ ಆಡಿಸುತ್ತಿದ್ದಳು. ಮೇಲೆ ಒಂದು ಸುತ್ತು, ಆಮೇಲೆ ಬೋರಲು ಮಾಡಿ ಅಡಿಯಲ್ಲಿ ಬಳೆಬಳೆಯಾಗಿ ಎದ್ದ ಏಣುಗಳ ಸಂದಿಯಲ್ಲಿ ಬೆರಳಿನ ಒಂದು ಸುತ್ತು. "ಒಂದು ಕಾಳು ಮಣ್ಣಿದ್ರೂ ಕೈಗೆ ಗೊತ್ತಾಗೋಗುತ್ತೆ ಮೇಡಂ" ಅನ್ನುತ್ತಿದ್ದಳು. ತೊಳೆದ ಮೇಲೆ ಬರಿಗೈಯಲ್ಲಿ ಮುಟ್ಟಬಾರದು ಎಂಬುದು ಪುಸ್ತಕದ ಮಾತು. ಆದರೆ ಆಕೆ ಮುಟ್ಟಿದ್ದಕ್ಕೂ ಮುಟ್ಟದ್ದಕ್ಕೂ ಹೋಲಿಸಿ ನೋಡಿದಾಗ ಎಂದೂ ವ್ಯತ್ಯಾಸ ಸಿಕ್ಕಿರಲಿಲ್ಲ. ಹಾಗಾಗಿ ಗ್ಲೌಸು ಮೊಳೆಗೆ ನೇತುಬಿದ್ದೇ ಇತ್ತು.

ಇನ್ನು ಅಹ್ಮದ್ ಪಾಷಾ ಅವರ ವಿಷಯ. ಶಿವಾಜಿನಗರದಲ್ಲಿ ಅವರ ತಂದೆಯ ಕಾಲದಿಂದ ಪಿಂಗಾಣಿ ಕಪ್ಪು-ಸಾಸರಿನ ಅಂಗಡಿ. ಮಾರಿ ಮಾರಿ ಬೇಸತ್ತು, ಮಾಡಿಯೇ ನೋಡೋಣ ಎಂದು ಕೆ.ಆರ್. ಪುರಂ ಹಿಂಭಾಗದಲ್ಲಿ ಒಂದು ಶೆಡ್ಡು ಹಾಕಿ ಭಟ್ಟಿ ಕಟ್ಟಿಸಿದ್ದರು. ಮೊದಲು ಮನೆ ಫ್ಯೂಸಿನ ಕಟೌಟು ಮಾಡಿದರು, ಆಮೇಲೆ ಕಂಬದ ಚಿಕ್ಕ ಇನ್ಸುಲೇಟರು, ಕೊನೆಗೆ ಈ ದೊಡ್ಡ ಡಿಸ್ಕಿಗೆ ಕೈಹಾಕಿದರು. ಧೂಳಿನ ಜಾಗಕ್ಕೆಂದೇ ಅಡಿಯ ಏಣುಗಳನ್ನು ಆಳವಾಗಿ ಮಾಡಿ, ಆಕಾರ ತಾವೇ ಬರೆದಿದ್ದರು. ಲ್ಯಾಬಿಗೆ ಬಂದಾಗಲೆಲ್ಲ ಆ ಏಣುಗಳನ್ನು ಹೊಗಳಿ ನಮ್ಮ ತಲೆ ತಿನ್ನುತ್ತಿದ್ದರು. ನನಗೆ ಆ ಮನುಷ್ಯ ಇಷ್ಟ. ಹಟ ಇರುವವರೆಲ್ಲ ನನಗೆ ಇಷ್ಟ, ಮನೆಯಲ್ಲಿರುವವರನ್ನು ಬಿಟ್ಟು.

ಅವರ ಡಿಸ್ಕು ನಮ್ಮಲ್ಲಿ ಎರಡು ಸಲ ಫೇಲಾಗಿತ್ತು. ಎರಡು ಸಲವೂ ಆಕಾರ ತಿದ್ದಿಕೊಂಡು ಬಂದರು. ಎರಡು ಸಾವಿರದ ಒಂದರ ಜನವರಿಯಲ್ಲಿ ಮೂರನೆಯ ಸಲ. ಮಾರತ್ತಹಳ್ಳಿಯಿಂದ ಕೆ.ಆರ್. ಪುರಂವರೆಗೆ ರಿಂಗ್ ರೋಡಿನ ಪಕ್ಕದಲ್ಲಿ ಕರೆಂಟಿನವರು ಹೊಸ ಲೈನು ಎಳೆಯುವವರಿದ್ದರು. ಅದಕ್ಕೆ ಇವರ ಡಿಸ್ಕು ತೆಗೆದುಕೊಳ್ಳಲು ಒಪ್ಪಿದ್ದರು, ನಮ್ಮಲ್ಲಿ ಪಾಸಾದರೆ. ಮೂರನೆಯ ಸಲವೂ ಆಗದಿದ್ದರೆ ಹೆಸರು ತೆಗೆದುಹಾಕುತ್ತಾರೆ, ಮತ್ತೆ ವರ್ಷಗಳ ಕಾಲ ಅರ್ಜಿ ಹಾಕುವಂತಿಲ್ಲ.

"ಮೇಡಂ, ಈ ಸಲ ಆಗ್ಲಿಲ್ಲ ಅಂದ್ರೆ ಭಟ್ಟಿ ಆರಿಸಿಬಿಡ್ತೀನಿ" ಎಂದರು ಡಿಸ್ಕುಗಳನ್ನು ಇಳಿಸುತ್ತಾ. "ಇನ್ನು ಕಪ್ಪು-ಸಾಸರ್ ಮಾರ್ಕೊಂಡು ಕೂತ್ಕೋತೀನಿ. ನನ್ ಹೆಂಡ್ತಿಗೂ ನೆಮ್ಮದಿ."

ಹೆಂಡತಿ ಶಮೀಮ್ ಅವರಿಗೆ ನೆಮ್ಮದಿ ಬೇಕಿಲ್ಲ, ಭಟ್ಟಿಯೇ ಬೇಕು ಎಂದು ನನಗೆ ಗೊತ್ತಿತ್ತು. ಶೆಡ್ಡಿನಲ್ಲಿ ಮೆರುಗಿನ ಹದ ನೋಡುತ್ತಿದ್ದುದು ಅವರೇ.

ಶುಕ್ರವಾರ ಟೆಸ್ಟು ನಡೆಯಿತು. ಪೀರಮ್ಮ ತೊಳೆದು, ಬಳಿದು ಕೊಟ್ಟಳು. ನಾವು ತೂಗುಹಾಕಿದೆವು. ಕೋಣೆ ಮಂಜಿನಿಂದ ತುಂಬಿ ಏನೂ ಕಾಣದ ಹಾಗಾಯಿತು. ಎಲ್ಲೋ ಒಂದೆರಡು ಕಿಡಿ ಚಿಟಪಟ ಅಂದು ಆರಿಹೋದವು, ಅಷ್ಟೆ. ಡಿಸ್ಕು ಸುಮ್ಮನೆ ಜೋತಾಡುತ್ತಿತ್ತು. ಅಹ್ಮದ್ ಪಾಷಾ ಗಾಜಿಗೆ ಹಣೆ ಒತ್ತಿಕೊಂಡು ನಿಂತಿದ್ದರು. ಮುಗಿಯಿತು, ಪಾಸು ಎಂದು ನಾನು ಹೇಳಿದೆ. ನಮಾಜಿಗೆ ಹೊತ್ತಾಯಿತು ಎಂದು ಓಡಿದವರು ಸಂಜೆಗೆ ಲ್ಯಾಬಿಗೆಲ್ಲ ಸಿಹಿ ತಂದರು. ಅಂದೇ ಭಟ್ಟಿ ತುಂಬಿಸಿ ಬೆಂಕಿ ಹಾಕಿಸಿದರಂತೆ. ನನಗೂ ಮನೆಯ ಮದುವೆ ಮುಗಿದಷ್ಟು ಸಂತೋಷವಾಗಿತ್ತು.

ಶನಿವಾರ ಬೆಳಿಗ್ಗೆ ಡಿಸ್ಕುಗಳನ್ನು ಕಿಟಕಿಯ ಬಳಿ ಇಟ್ಟು ನೋಡುತ್ತಿದ್ದೆ. ಟೆಸ್ಟಾದ ಮೇಲೆ ಉಳಿದ ಮಣ್ಣು ಸಾಮಾನ್ಯವಾಗಿ ತೆಳ್ಳಗೆ, ಒಂದೇ ಸಮ ಇರುತ್ತದೆ. ಇವುಗಳ ಮೇಲೆ ಅದು ದ್ವೀಪ ದ್ವೀಪವಾಗಿ ನಿಂತಿತ್ತು. ನಡುವೆ ಮಣ್ಣೇ ಹತ್ತದ ಜಾಗಗಳು. ಒಂದು ಕಡೆಯಂತೂ ನಾಲ್ಕು ಬೆರಳಿನ ಗುರುತು ಸ್ಪಷ್ಟವಾಗಿತ್ತು. ಆ ಗುರುತಿನ ಮೇಲೆ ಒಂದು ತೊಟ್ಟು ನೀರು ಹಾಕಿದೆ. ಹರಡಲಿಲ್ಲ. ಮಣಿಯಾಗಿ ಉರುಳಿಹೋಯಿತು.

ನೀರು ಮಣಿಯಾಗುತ್ತದೆ ಎಂದರೆ ಜಿಡ್ಡಿದೆ. ಜಿಡ್ಡಿದ್ದ ಕಡೆ ಕೊಳೆ ಹತ್ತಿಲ್ಲ. ಕೊಳೆ ಹರಕು ಹರಕಾಗಿದ್ದರಿಂದ ಕರೆಂಟಿಗೆ ತೆವಳಲು ದಾರಿ ಸಿಕ್ಕಿಲ್ಲ. ಪಾಸಾಗಿದ್ದು ಅಹ್ಮದ್ ಪಾಷಾ ಅವರ ಏಣುಗಳಲ್ಲ, ಯಾವುದೋ ಎಣ್ಣೆ.

ಪೀರಮ್ಮ ಹಿಂದಿನ ತೊಟ್ಟಿಯ ಬಳಿ ಕೂತಿದ್ದಳು. ಹತ್ತಿರ ಹೋದರೆ ಸಣ್ಣಗೆ ಹರಳೆಣ್ಣೆಯ ವಾಸನೆ.

"ಪೀರಮ್ಮ, ಕೈ ತೋರಿಸಿ" ಎಂದೆ.

ಆಕೆ ಅಂಗೈ ಚಾಚಿದಳು. ನಾನು ಅದರ ಮೇಲೂ ಒಂದು ತೊಟ್ಟು ನೀರು ಬಿಟ್ಟೆ. ಅಲ್ಲೂ ಅದು ಮಣಿಯಾಗಿ ನಿಂತಿತು. ಇಬ್ಬರೂ ಅದನ್ನೇ ನೋಡಿದೆವು.

"ಬೆಳಿಗ್ಗೆ ಏನು ಮುಟ್ಟಿದ್ರಿ?"

"ಏನಿಲ್ಲ ಮೇಡಂ. ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕ್ಬಿಟ್ಟು ಬರ್ತೀನಿ, ಅಷ್ಟೆ." ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಬಾಣಂತನ ಪೀರಮ್ಮನದೇ. ದಿನಾ ಬೆಳಿಗ್ಗೆ ಕಾಲು ಚಾಚಿ, ಕೂಸನ್ನು ಅದರ ಮೇಲೆ ಮಲಗಿಸಿ, ನೆತ್ತಿಯಿಂದ ಪಾದದವರೆಗೆ ಹರಳೆಣ್ಣೆ ತಿಕ್ಕಿ, ಬಿಸಿನೀರು ಹಾಕಿ, ಆಮೇಲೆ ಹಲಸೂರಿನಲ್ಲಿ ಬಸ್ಸು ಹಿಡಿದು ಬರುತ್ತಿದ್ದಳು. "ಸೋಪು ಹಾಕಿ ಕೈ ತೊಳ್ದೇ ಬರ್ತೀನಿ ಮೇಡಂ, ದೇವ್ರಾಣೆ."

ಹರಳೆಣ್ಣೆ ಸೋಪಿಗೆ ಜಗ್ಗುವುದಿಲ್ಲ. ದಿನಾ ತಿಕ್ಕುವ ಕೈಯ ಗೆರೆಗೆರೆಯಲ್ಲೂ ಕೂತಿರುತ್ತದೆ. ಕೂಸು ಹುಟ್ಟಿದ ಮೇಲೆ ಆಕೆ ತೊಳೆದ ಡಿಸ್ಕುಗಳೆಂದರೆ ಇವೇ. ಅದನ್ನು ನಾನು ಹೇಳಿದೆ. ಸಿಟ್ಟಿನಲ್ಲಿ ಹೇಳಿದೆನೋ ಏನೋ, ಸಿಟ್ಟು ಬಂದರೆ ನನಗೆ ನಮ್ಮೂರ ಮಾತು ಬರುತ್ತದೆ. "ಏನ್ ಮಾಡಿಬಿಟ್ಟೀರಿ ನೀವು!" ಎಂದೆ. ಪೀರಮ್ಮ ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಳು.

"ಕೂಸಿಗೆ ಎಣ್ಣೆ ಹಚ್ಚದೆ ಇರಕ್ಕಾಗುತ್ತಾ ಮೇಡಂ?" ಎಂದು ಕೇಳಿದಳು.

ಲ್ಯಾಬಿನ ಮುಖ್ಯಸ್ಥರು ರಾಮಾಂಜಿನಪ್ಪನವರು. ಅವರ ಮುಂದೆ ಡಿಸ್ಕನ್ನಿಟ್ಟು ನೀರು ಹಾಕಿ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಹಾಕಿಕೊಂಡರು, ಮತ್ತೆ ತೆಗೆದರು.

"ರಿಪೋರ್ಟ್ ಟೈಪ್ ಆಗೋಗಿದೆ ಮೇಡಂ" ಎಂದರು. "ಎರಡು ಸಲ ಫೇಲ್ ಮಾಡಿದ್ದೂ ನಾವೇ. ಪಾಪ, ಈ ಸಲ ದೇವರು ಕಣ್ಬಿಟ್ಟಿದ್ದಾನೆ ಅಂದ್ಕೊಳ್ಳಿ."

"ದೇವರಲ್ಲ ಸಾರ್, ಹರಳೆಣ್ಣೆ."

"ಏನಾದ್ರೂ ಆಗ್ಲಿ. ತೊಳೆದದ್ದು ಸರಿಯಿರ್ಲಿಲ್ಲ ಅಂತ ನಾವೇ ಬರ್ಕೊಟ್ರೆ, ನಾಳೆಯಿಂದ ಯಾರು ಬರ್ತಾರೆ ಇಲ್ಲಿಗೆ? ಪೀರಮ್ಮನ್ನ ಇಟ್ಕೊಳ್ಳಕ್ಕಾಗುತ್ತಾ?"

"ನಾನು ಸಹಿ ಹಾಕಲ್ಲ."

"ಬೇಡ. ನಾನು ಹಾಕ್ತೀನಿ, ಸೋಮವಾರ." ಅವರೇನೂ ಕೆಟ್ಟವರಲ್ಲ. ಹೆದರಿದವರು. ನನ್ನ ಮುಖ ನೋಡಿ ದನಿ ತಗ್ಗಿಸಿದರು. "ಒಂದು ದಾರಿ ಇದೆ. ಪಾಷಾ ಅವರೇ ಬಂದು ರೀಟೆಸ್ಟ್ ಬೇಕು ಅಂತ ಕೇಳಿದ್ರೆ ಮಾಡೋಣ. ಅದಕ್ಕೆ ಯಾವ ಕಾರಣನೂ ಬರೀಬೇಕಾಗಿಲ್ಲ. ಪಾಸಾದವನು ಯಾಕೆ ಕೇಳ್ತಾನೆ, ಹೇಳಿ?"

ಅವರು ಮಾತು ಮುಗಿಯಿತು ಎಂಬ ಅರ್ಥದಲ್ಲಿ ಅಂದದ್ದು. ನಾನು ಅದನ್ನೇ ಹಿಡಿದುಕೊಂಡು ಶಿವಾಜಿನಗರದ ಬಸ್ಸು ಹತ್ತಿದೆ. ಕೆ.ಆರ್. ಪುರಂ ತೂಗುಸೇತುವೆಯ ಕೆಲಸದಿಂದ ಬಸ್ಸು ಹೆಜ್ಜೆ ಹೆಜ್ಜೆಗೂ ನಿಲ್ಲುತ್ತಿತ್ತು. ಕಿಟಕಿಯ ಸರಳು ಮುಟ್ಟಿದರೆ ಬೆರಳಿಗೆ ಸಿಮೆಂಟು. ಈ ಧೂಳೆಲ್ಲ ಬಂದು ಕೂರುವುದು ಆ ಡಿಸ್ಕುಗಳ ಮೇಲೆ. ಅವುಗಳ ಕೆಳಗೇ ಬಸ್‌ಸ್ಟಾಪು, ಹಣ್ಣಿನ ಗಾಡಿ, ಶಾಲೆಯ ಮಕ್ಕಳು. ಇಷ್ಟು ಯೋಚಿಸಿದರೆ ಸಾಕು, ನಾನು ಹೋಗುತ್ತಿರುವುದು ಸರಿ ಎನ್ನಿಸುತ್ತಿತ್ತು. ಮರುಕ್ಷಣ ಗಾಜಿಗೆ ಹಣೆ ಒತ್ತಿಕೊಂಡ ಆ ಮನುಷ್ಯ ನೆನಪಾಗುತ್ತಿದ್ದರು. ಇಳಿದು ವಾಪಸು ಹೋಗಿಬಿಡೋಣ ಅನ್ನಿಸಿದ್ದೂ ನಿಜ.

ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಮನೆ. ಬಾಗಿಲು ತೆಗೆದದ್ದು ಶಮೀಮ್. "ಅರೆ, ಮೇಡಂ ಬಂದಿದ್ದಾರೆ ನೋಡಿ" ಎಂದು ಒಳಗೆ ಕೂಗಿದರು. ಅಹ್ಮದ್ ಪಾಷಾ ಮುಖವೆಲ್ಲ ನಗುವಾಗಿ ಬಂದು, ಇದ್ದ ಒಂದೇ ಮೆತ್ತನೆಯ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಆ ನಗು ಇರುವಾಗ ಹೇಳುವುದು ನನ್ನಿಂದಾಗುವುದಿಲ್ಲ ಅನ್ನಿಸಿತು. ಹಾಗಾಗಿ ನೆಲ ನೋಡಿಕೊಂಡು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಕೂಸು, ಎಣ್ಣೆ, ನೀರಿನ ಮಣಿ, ರಾಮಾಂಜಿನಪ್ಪನವರು ಅಂದದ್ದು, ಎಲ್ಲ.

ಅಹ್ಮದ್ ಪಾಷಾ, "ಹಾಗಾದ್ರೆ ಎಲ್ಲಾ ಡಿಸ್ಕಿಗೂ ಎಣ್ಣೆ ಹಚ್ಚೇ ಕಳಿಸ್ತೀನಿ, ತಗೊಳ್ಳಿ" ಎಂದರು. ನಗಲಿಲ್ಲ.

"ಎಣ್ಣೆ ಇವತ್ತು ನೀರು ತಡೆಯುತ್ತೆ ಪಾಷಾ ಅವರೇ. ನಾಲ್ಕು ದಿನಕ್ಕೆ ಅದಕ್ಕೇ ಧೂಳು ಮೆತ್ಕೊಂಡು ಇನ್ನೂ ಕೆಟ್ಟದಾಗುತ್ತೆ."

"ಗೊತ್ತು ಮೇಡಂ. ನಾನೂ ಪಿಂಗಾಣಿಯಲ್ಲೇ ಹುಟ್ಟಿದೋನು." ಎದ್ದು ನಿಂತರು. "ಈಗ ಏನ್ ಮಾಡ್ಬೇಕು ಅಂತೀರ? ನಾನೇ ಬಂದು, ನನ್ನ ಫೇಲ್ ಮಾಡಿ ಅಂತ ಕೈ ಮುಗೀಬೇಕಾ?"

"ಪಾಸಾದ್ರೂ ಆಗ್ಬಹುದು."

"ನೀವು ನೂರಾರು ನೋಡಿದ್ದೀರ. ಆಗುತ್ತೆ ಅಂತ ನಿಮಗೆ ಅನ್ಸುತ್ತಾ?"

ನಾನು ಮತ್ತೆ ನೆಲ ನೋಡಿದೆ. ಅದೇ ಉತ್ತರವಾಯಿತು.

"ನೀವು ಯಾಕೆ ಹೇಳಿದ್ರಿ ಮೇಡಂ?" ಎಂದರು. ದನಿ ಏರಿತ್ತು. "ನೀವು ಹೇಳ್ದೆ ಇದ್ದಿದ್ರೆ ನನಗೇನೂ ಗೊತ್ತಾಗ್ತಿರ್ಲಿಲ್ಲ. ನಾಳೆ ಏನೇ ಆದ್ರೂ ನಾನು ತಪ್ಪಿಲ್ಲದೋನು. ನಿಮ್ಮ ಎದೆ ಮೇಲಿನ ಕಲ್ಲು ಇಳಿಸ್ಕೊಳ್ಳಕ್ಕೆ ಇಲ್ಲಿ ತನಕ ಹೊತ್ಕೊಂಡು ಬಂದ್ರಿ. ತಂದು ನನ್ನ ಎದೆ ಮೇಲೆ ಇಟ್ರಿ. ಇಳಿಸ್ಕೊಂಡ್ರಲ್ಲ, ಹೋಗಿ ಈಗ."

ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೊರಟುಹೋದರು, ತಮ್ಮ ಮನೆಯಿಂದ ತಾವೇ. ನಾನು ಕುರ್ಚಿಯಲ್ಲೇ ಇದ್ದೆ. ಅವರು ಅಂದದ್ದರಲ್ಲಿ ಒಂದು ಮಾತೂ ಸುಳ್ಳಲ್ಲ ಎಂದು ನನಗೆ ಗೊತ್ತಿತ್ತು. ಸತ್ಯ ಹೇಳಿದವಳಿಗೆ ಸಿಗುತ್ತದೆ ಅನ್ನುವ ಸಮಾಧಾನ ನನಗೆ ಅವತ್ತು ಸಿಗಲಿಲ್ಲ.

ಶಮೀಮ್ ಚಹಾ ತಂದಿಟ್ಟರು. "ಕುಡೀರಿ. ಬಿಟ್ಟು ಹೋಗ್ಬೇಡಿ" ಎಂದು ಎದುರಿಗೆ ಕೂತರು. ನಾನು ಕುಡಿಯುತ್ತಿರುವಾಗ ಕೇಳಿದರು, "ಬೆಂಕಿ ಹಾರಿದ್ರೆ ಏನಾಗುತ್ತೆ?"

"ಲೈನ್ ಹೋಗುತ್ತೆ. ಒಂದೊಂದ್ಸಲ ಡಿಸ್ಕ್ ಒಡೆದು ತಂತಿ ಕೆಳಗೆ ಬೀಳುತ್ತೆ."

"ರೋಡ್ ಮೇಲಾ?"

"ಹೂಂ."

ಅವರು ಖಾಲಿ ಕಪ್ಪು ಎತ್ತಿಟ್ಟರು. ನಾನು ಹೊರಡುವಾಗ ಗಲ್ಲಿಯ ತುದಿಯವರೆಗೆ ಬಂದು ಬಸ್‌ಸ್ಟ್ಯಾಂಡಿನ ಹತ್ತಿರದ ದಾರಿ ತೋರಿಸಿದರು.

ಸೋಮವಾರ ಬೆಳಿಗ್ಗೆ ರಾಮಾಂಜಿನಪ್ಪನವರು ಪೆನ್ನಿನ ಮುಚ್ಚಳ ತೆಗೆಯುವ ಹೊತ್ತಿಗೆ ಅಹ್ಮದ್ ಪಾಷಾ ಅವರ ಸ್ಕೂಟರು ಗೇಟಿನಲ್ಲಿ ನಿಂತಿತು. ಹಿಂದಿನ ಸೀಟಿಗೆ ಗೋಣಿಚೀಲದಲ್ಲಿ ಸುತ್ತಿದ ಹೊಸ ಡಿಸ್ಕುಗಳನ್ನು ಕಟ್ಟಿಕೊಂಡು ಬಂದಿದ್ದರು. ನನ್ನ ಕಡೆ ನೋಡಲೂ ಇಲ್ಲ.

"ರೀಟೆಸ್ಟ್ ಬೇಕು ಸಾರ್. ನಾನೇ ಕೇಳ್ತಿದ್ದೀನಿ."

"ಯೋಚ್ನೆ ಮಾಡಿದ್ದೀರಾ ಪಾಷಾ ಅವರೇ?"

"ಯೋಚ್ನೆ ಮಾಡಿದ್ರೆ ಬರ್ತಿರ್ಲಿಲ್ಲ ಸಾರ್. ಬೇಗ ಮಾಡಿಸಿಬಿಡಿ."

ಪೀರಮ್ಮ ಭಾನುವಾರವೆಲ್ಲ ಸೀಗೇಪುಡಿ, ವಾಷಿಂಗ್ ಸೋಡಾ ಹಾಕಿ ಕೈ ತಿಕ್ಕಿಕೊಂಡಿದ್ದಳು. ಚರ್ಮ ಬಿರುಕು ಬಿಟ್ಟಿತ್ತು. "ಇವತ್ತು ಕೂಸಿಗೆ ಪಕ್ಕದ್ಮನೆಯೋಳು ಹಚ್ಚಿದ್ಲು ಮೇಡಂ. ನಾನು ಮುಟ್ಟೇ ಇಲ್ಲ" ಎಂದು, ಕೇಳುವ ಮುಂಚೆಯೇ ಅಂಗೈ ಚಾಚಿದಳು. ನೀರಿನ ತೊಟ್ಟು ಹರಡಿಕೊಂಡಿತು. ಆದರೂ ಮೊಳೆಯಿಂದ ಗ್ಲೌಸು ತೆಗೆದು ಹಾಕಿಕೊಂಡಳು. ತೊಳೆದ ಮೇಲೆ ಒಂದೊಂದು ಡಿಸ್ಕನ್ನೂ ಎತ್ತಿಹಿಡಿದು ನನಗೆ ತೋರಿಸಿದಳು. ನೀರು ಗಾಜಿನ ಪರದೆಯಂತೆ ಎಲ್ಲೂ ತುಂಡಾಗದೆ ಪೂರ್ತಿ ಹಬ್ಬಿತ್ತು. ಆಮೇಲೆ ಬಳಿದ ಮಣ್ಣೂ ಅಷ್ಟೇ ಚೆನ್ನಾಗಿ ಕೂತಿತು. ಅಷ್ಟು ಒಂದೇ ಸಮವಾದ ಕೊಳೆಯನ್ನು ನಾನು ಎಂದೂ ನೋಡಿರಲಿಲ್ಲ.

ಹಬೆ ಬಿಟ್ಟೆವು. ಮೊದಲು ಏನೂ ಇಲ್ಲ. ಆಮೇಲೆ ಸಣ್ಣಗೆ ಸುಂಯ್ಯನೆ ಸದ್ದು. ಮಂಜಿನೊಳಗೆ ಡಿಸ್ಕಿನ ಕತ್ತಿನ ಸುತ್ತ ನೇರಳೆ ಬಣ್ಣದ ಗೆರೆ ಎದ್ದಿತು, ಆರಿತು, ಮತ್ತೆ ಎದ್ದಿತು. ಗೆರೆ ಹಳದಿಯಾಯಿತು. ಅಡಿಯ ಏಣಿನಿಂದ ಏಣಿಗೆ ಹತ್ತತೊಡಗಿತು. ಅಹ್ಮದ್ ಪಾಷಾ ಕೂತು ಬರೆದ, ತಿದ್ದಿದ, ನಮ್ಮ ತಲೆ ತಿಂದ ಏಣುಗಳು ಅವು. ತಡೆಯುತ್ತಿದ್ದವು. ಒಂದೊಂದು ಏಣೂ ಕಿಡಿಯನ್ನು ಹಿಡಿದು ನಿಲ್ಲಿಸಿ, ಆರಿಸಿ, ಮತ್ತೆ ನಿಲ್ಲಿಸುತ್ತಿತ್ತು. ತಡೀ, ತಡೀ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಇನ್ನೇನು ಮಣ್ಣೆಲ್ಲ ತೊಳೆದು ಇಳಿದರೆ ಗೆದ್ದ ಹಾಗೆ, ಅಷ್ಟರಲ್ಲಿ ಕೋಣೆಯೆಲ್ಲ ಬೆಳ್ಳಗಾಗಿ ಢಬ್ ಎಂದಿತು. ಕರೆಂಟು ಕಡಿಯುವ ಬ್ರೇಕರು ಬಿತ್ತು. ಮೋಟಾರುಗಳೆಲ್ಲ ನಿಂತು, ಹೊರಗೆ ರಸ್ತೆಯ ಲಾರಿಗಳ ಸದ್ದು ಮಾತ್ರ ಕೇಳಿಸಿತು.

ಅಹ್ಮದ್ ಪಾಷಾ ಗಾಜಿನಿಂದ ಹಿಂದೆ ಸರಿದರು. ರಾಮಾಂಜಿನಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ಪೀರಮ್ಮ ಬಾಗಿಲ ಪಕ್ಕದ ಗೋಡೆಗೊರಗಿ ಅಳುತ್ತಿದ್ದಳು. ಅಹ್ಮದ್ ಪಾಷಾ ಆಕೆಯ ಮುಂದೆ ನಿಂತರು.

"ಕೂಸು ಗಂಡಾ, ಹೆಣ್ಣಾ?"

"ಹೆಣ್ಣು ಸಾಮಿ."

"ಹೆಸರಿಟ್ರಾ?"

"ಇನ್ನೂ ಇಲ್ಲ."

"ಇಡಿ. ಚೆನ್ನಾಗಿ ಎಣ್ಣೆ ಹಚ್ಚಿ. ಅಳ್ಬೇಡಿ." ಅಷ್ಟು ಹೇಳಿ ಸ್ಕೂಟರಿನ ಕಡೆ ನಡೆದರು. ಕಿಕ್ ಹೊಡೆದರೆ ಹತ್ತಲಿಲ್ಲ, ತಳ್ಳಿಕೊಂಡೇ ಗೇಟು ದಾಟಿದರು.

ಆ ವಾರ ಕಳೆದು ಲ್ಯಾಬಿಗೆ ಅವರ ಫೋನು ಬಂತು. "ಮನೆಗೆ ಬಂದು ಹೇಳಿದ್ರಲ್ಲ ಮೇಡಂ, ಇದನ್ನೂ ಬಂದು ನೋಡ್ಕೊಂಡು ಹೋಗಿ" ಎಂದರು. ಸೇಡು ತೀರಿಸಿಕೊಳ್ಳುತ್ತಿದ್ದಾರೆ ಅನ್ನಿಸಿತು. ತೀರಿಸಿಕೊಂಡರೆ ತೀರಿಸಿಕೊಳ್ಳಲಿ, ನನ್ನದೂ ಒಂದಿಷ್ಟು ಋಣ ಇಳಿಯುತ್ತದೆ ಎಂದು ಹೋದೆ.

ಶೆಡ್ಡಿನಲ್ಲಿ ಭಟ್ಟಿ ತಣ್ಣಗಾಗಿತ್ತು. ಪಾಸಾದ ಶುಕ್ರವಾರ ತುಂಬಿಸಿದ್ದರಲ್ಲ, ಆ ಡಿಸ್ಕುಗಳನ್ನೆಲ್ಲ ಹೊರಗೆ ತೆಗೆದು ಸಾಲಾಗಿ ಜೋಡಿಸಿದ್ದರು. ಇನ್ನೂ ಕಬ್ಬಿಣದ ಟೊಪ್ಪಿಗೆ ಕೂರಿಸದ ಬರಿ ಪಿಂಗಾಣಿ. ಕಂದು ಮೆರುಗು ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಶೆಡ್ಡಿನ ಕಿಟಕಿಗಳೆಲ್ಲ ಅವುಗಳಲ್ಲಿ ಕಾಣುತ್ತಿದ್ದವು. ಕೆಲಸದವರನ್ನು ಕಳಿಸಿಬಿಟ್ಟಿದ್ದರು. ಅವರೂ ಶಮೀಮ್ ಅವರೂ ಮಾತ್ರ ಇದ್ದರು.

ಈ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಫೇಲಾದ ಮಾಲನ್ನು ಒಡೆಯಬೇಕು. ಉಳಿಸಿದರೆ ಅದು ಸೆಕೆಂಡ್ಸ್ ಎಂದು ಅಗ್ಗದಲ್ಲಿ ಯಾರದೋ ಕೈ ಸೇರಿ, ಯಾವುದೋ ಊರಿನ ಕಂಬ ಹತ್ತುತ್ತದೆ. ಹೇಳುವುದು ಎಲ್ಲರೂ ಹೀಗೆಯೇ. ಮಾಡುವವರನ್ನು ನಾನು ನೋಡಿರಲಿಲ್ಲ.

"ಒಬ್ಬ ಕಂಟ್ರಾಕ್ಟರ್ ಬಂದಿದ್ದ" ಎಂದರು ಅಹ್ಮದ್ ಪಾಷಾ. "ಎಲ್ಲಾನೂ ಹಾಗೇ ಎತ್ಕೊಂಡು ಹೋಗ್ತೀನಿ, ಹಳ್ಳಿ ಕಡೆ ಲೈನಿಗೆ ಹಾಕ್ತೀನಿ ಅಂದ. ಕಳಿಸಿಬಿಟ್ಟೆ. ನೀವು ಬಂದು ಹೇಳಿದ್ದು ಹೊಟ್ಟೆಯಲ್ಲಿ ಕೂತ್ಕೊಂಡಿದೆ, ಬೈಕೊಂಡೇ ಕಳಿಸ್ದೆ. ನಿಮ್ಮನ್ನೂ ಸೇರಿಸಿ ಬೈದೆ."

"ಬೈಯ್ರಿ" ಎಂದೆ.

ಅವರು ಒಂದು ಡಿಸ್ಕನ್ನು ಎತ್ತಿ ಕಲ್ಲಿನ ಮೇಲಿಟ್ಟು ಸುತ್ತಿಗೆ ಮೇಲೆತ್ತಿದರು. ನಾನು ಕಣ್ಣು ಮುಚ್ಚಿಕೊಂಡೆ. ಸದ್ದು ಬರಲಿಲ್ಲ. ಕಣ್ಣು ಬಿಟ್ಟರೆ, ಸುತ್ತಿಗೆ ಪಕ್ಕಕ್ಕಿಟ್ಟು, ಹೆಗಲ ಬಟ್ಟೆಯನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ ಹಿಂಡಿ, ಡಿಸ್ಕಿನ ಮೇಲೆ ಕೂತಿದ್ದ ಭಟ್ಟಿಯ ಬೂದಿಯನ್ನು ಒರೆಸುತ್ತಿದ್ದರು. ಮೇಲೆ ಒರೆಸಿದರು. ಬೋರಲು ಮಾಡಿ, ಅಡಿಯ ಏಣುಗಳೊಳಗೆ ಬಟ್ಟೆಯ ತುದಿ ತೂರಿಸಿ ಒರೆಸಿದರು.

"ಒಡೆಯೋದಕ್ಕೆ ಯಾಕ್ರೀ ಒರೆಸ್ತೀರ?" ಎಂದರು ಶಮೀಮ್.

"ಗೊತ್ತಿಲ್ಲ. ಹಾಗೇ ಒಡೆಯಕ್ಕೆ ಕೈ ಬರ್ತಿಲ್ಲ."

ಶಮೀಮ್ ತಲೆಯ ಮೇಲಿನ ಸೆರಗನ್ನು ಮುಂದಕ್ಕೆಳೆದುಕೊಂಡರು. ಸಾಲಿನಿಂದ ಇನ್ನೊಂದು ಡಿಸ್ಕನ್ನು ಮಡಿಲಿಗೆ ತೆಗೆದುಕೊಂಡು ತಾವೂ ಒರೆಸಲು ಕೂತರು. ಅಹ್ಮದ್ ಪಾಷಾ ತಾವು ಒರೆಸಿದ್ದನ್ನು ಕಲ್ಲಿನ ಮೇಲಿಟ್ಟು ಒಡೆದರು. ಒಳ್ಳೆಯ ಪಿಂಗಾಣಿ, ಒಂದೇ ಏಟಿಗೆ ಒಡೆಯಲಿಲ್ಲ. ಆಮೇಲೆ ಶಮೀಮ್ ಒರೆಸಿ ಕೊಟ್ಟದ್ದನ್ನು ಒಡೆದರು. ಆಕೆ ಇನ್ನೊಂದು ತೆಗೆದುಕೊಂಡರು. ಇಬ್ಬರೂ ಅಳುತ್ತಿರಲಿಲ್ಲ, ಅಳುತ್ತಿದ್ದವಳು ನಾನು.

ಸಾಲು ಉದ್ದವಿತ್ತು. ಸುಮ್ಮನೆ ನಿಂತು ನೋಡುವುದು ನನ್ನಿಂದ ಆಗಲಿಲ್ಲ. ಚಪ್ಪಲಿ ಬಿಟ್ಟು, ಶಮೀಮ್ ಪಕ್ಕದಲ್ಲಿ ನೆಲದ ಮೇಲೆ ಕೂತು, ಒಂದು ಬಟ್ಟೆ ತೆಗೆದುಕೊಂಡು ಒಂದು ಡಿಸ್ಕನ್ನು ಒರೆಸಿ ಚಾಚಿದೆ. ಅಹ್ಮದ್ ಪಾಷಾ ಅದನ್ನು ತೆಗೆದುಕೊಂಡು, ತಿರುಗಿಸಿ ನೋಡಿ, ನನಗೇ ವಾಪಸು ಕೊಟ್ಟರು. ಆ ಶನಿವಾರದ ನಂತರ ಅವರು ನನ್ನ ಮುಖ ನೋಡಿದ್ದು ಆಗಲೇ.

"ಅಡಿಯಲ್ಲಿ ಸರಿಯಾಗಿ ಒರೆಸಿಲ್ಲ ಮೇಡಂ" ಎಂದರು.

ನಾನು ಮತ್ತೊಂದು ಸಲ ಒರೆಸಿ ಕೊಟ್ಟೆ.